ಕ್ಷೇತ್ರಫಲವೂ ಕ್ಷೇತ್ರಜ್ಞಾನವೂ: ಉಪಗ್ರಹದ ಕಣ್ಣಿನಲ್ಲಿ ಬಳ್ಳಾರಿ ಸೀಮೆ

ಭೂಮಿಯಿಂದ ನೂರಾರು ಕಿಲೋಮೀಟರ್ ಮೇಲೆ ಸುತ್ತುವ ಯಂತ್ರವೊಂದು ನೆಲದಿಂದ ಮರಳಿ ಬಂದ ಬೆಳಕನ್ನು ಅಳೆಯುತ್ತದೆ. ಆ ಅಳತೆಗಳನ್ನು ಚುಕ್ಕೆಗೆ ಚುಕ್ಕೆ ಜೋಡಿಸಿದಾಗ ಮೂಡುವುದೇ ಉಪಗ್ರಹ ಚಿತ್ರ. ಬಹುಕಾಲ ಸರ್ಕಾರಗಳ ಮತ್ತು ಸಂಶೋಧಕರ ಕೈಯಲ್ಲಷ್ಟೇ ಇದ್ದ ಈ ಚಿತ್ರಗಳು 2005ರಲ್ಲಿ ಗೂಗಲ್ ಅರ್ಥ್, 2009ರಲ್ಲಿ ಇಸ್ರೋದ ಭುವನ್ ಬಂದ ಮೇಲೆ ಎಲ್ಲರ ಕೈಗೂ ಸಿಕ್ಕವು. ಸಿರುಗುಪ್ಪದ ರೈತ ತನ್ನ ಗದ್ದೆಯನ್ನು, ಕುರುಗೋಡಿನ ಭಕ್ತ ತನ್ನೂರ ಗುಡಿಯನ್ನು, ಬಳ್ಳಾರಿಯ ಶಾಲಾ ಬಾಲಕಿ ಊರ ನಡುವಿನ ಗುಡ್ಡವನ್ನು ಈಗ ಅಂಗೈಯಗಲದ ಮೊಬೈಲಿನಲ್ಲಿ ಆಕಾಶದಿಂದ ನೋಡಬಹುದು.

ಆಕಾಶದಿಂದ ನೆಲವನ್ನು ನೋಡುವುದು ಈ ದೇಶದ ಕಲ್ಪನೆಯಲ್ಲಿ ದೇವತೆಗಳಿಗೆ, ಸಿದ್ಧರಿಗೆ, ವರ ಪಡೆದವರಿಗೆ ಮೀಸಲಾಗಿದ್ದ ನೋಟ. ಅದು ಎಲ್ಲರ ಪಾಲಿಗೂ ಬಂದಾಗ ಮೂರು ಹಳೆಯ ಪ್ರಶ್ನೆಗಳು ಹೊಸದಾಗಿ ಏಳುತ್ತವೆ. ಹೀಗೆ ಕಂಡದ್ದು ಯಾವ ಬಗೆಯ ಅರಿವು? ಹೀಗೆ ಕಂಡದ್ದನ್ನು ದರ್ಶನ ಎನ್ನಬಹುದೇ? ಕಂಡವನ ಮೇಲೆ ಯಾವ ಹೊಣೆ ಬೀಳುತ್ತದೆ? ನದಿ, ಗದ್ದೆ, ಬಂಡೆಗುಡ್ಡ, ಕೋಟೆ, ಗುಡಿ, ಗಣಿ ಇವೆಲ್ಲ ಒತ್ತೊತ್ತಾಗಿ ಇರುವ ಬಳ್ಳಾರಿ, ಕುರುಗೋಡು, ಸಿರುಗುಪ್ಪಗಳ ಸೀಮೆ ಈ ಮೂರು ಪ್ರಶ್ನೆಗಳನ್ನೂ ನೆಲದ ಮೇಲೆ ಇಟ್ಟು ನೋಡಲು ತಕ್ಕ ಜಾಗ.

ಯಂತ್ರದ ಕಣ್ಣು

ಭಾರತದ ಮೊದಲ ಪ್ರಾಯೋಗಿಕ ಭೂವೀಕ್ಷಣಾ ಉಪಗ್ರಹ ಭಾಸ್ಕರ-1 ಮೇಲೇರಿದ್ದು 1979ರ ಜೂನ್ 7ರಂದು. ದಿನನಿತ್ಯದ ಕೆಲಸಕ್ಕೆ ಒದಗಿದ ಮೊದಲ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ. 1988ರ ಮಾರ್ಚ್ 17ರಂದು ಬೈಕನೂರಿನಿಂದ ಹಾರಿದ ಅದು 904 ಕಿ.ಮೀ. ಎತ್ತರದಲ್ಲಿ ಸುತ್ತಿತು. ಇಂಥ ಉಪಗ್ರಹಗಳ ಕಕ್ಷೆ ಸೂರ್ಯನ ನಡೆಗೆ ಹೊಂದಿಕೊಂಡದ್ದು. ಯಾವ ಊರಿನ ಮೇಲೆ ಹಾದರೂ ಅಲ್ಲಿ ಬೆಳಗಿನ ಹತ್ತೂವರೆಯ ಸುಮಾರು ಆಗಿರುತ್ತದೆ. ಇಂದಿನ ಚಿತ್ರವನ್ನು ಹೋದ ವರ್ಷದ ಚಿತ್ರದ ಪಕ್ಕ ಇಟ್ಟು ಹೋಲಿಸಬೇಕಾದರೆ ಬಿಸಿಲಿನ ಓರೆ ಆದಷ್ಟು ಒಂದೇ ಆಗಿರಬೇಕು ಎಂಬುದು ಇದರ ಕಾರಣ.

ಈ ಕಣ್ಣಿಗೆ ಸ್ವಂತ ಬೆಳಕಿಲ್ಲ. ಸೂರ್ಯ ಬೆಳಗಿದ್ದನ್ನಷ್ಟೇ ಅದು ಕಾಣುತ್ತದೆ. ಸೂರ್ಯನಲ್ಲಿ ಚಿತ್ತವನ್ನು ನಿಲ್ಲಿಸಿದವನಿಗೆ ಭುವನಗಳ ಅರಿವು ದೊರೆಯುತ್ತದೆ ಎಂದು ಪತಂಜಲಿಯ ಯೋಗಸೂತ್ರದ ಮೂರನೆಯ ಪಾದ ಹೇಳುತ್ತದೆ. ಇಸ್ರೋದ ಭುವನ್ ಜಾಲತಾಣದ ಹೆಸರೂ ಅದೇ ಭುವನ ಎಂಬ ಶಬ್ದದಿಂದ ಬಂದದ್ದು. ಇಂಥ ಸಿದ್ಧಿಗಳು ಸಮಾಧಿಗೆ ಅಡ್ಡಿಯಾಗಬಲ್ಲವು ಎಂಬ ಎಚ್ಚರಿಕೆಯೂ ಅದೇ ಪಾದದಲ್ಲಿದೆ. ದೂರವನ್ನು ಕಾಣುವ ಶಕ್ತಿ ಬೇರೆ, ಅರಿವಿನ ಗುರಿ ಬೇರೆ ಎಂಬ ಈ ವಿವೇಕ ಉಪಗ್ರಹದ ನೋಟಕ್ಕೂ ಹೊಂದುತ್ತದೆ.

ಯಂತ್ರದ ಕಣ್ಣಿಗೆ ಅಳತೆಯ ಮಿತಿಯೂ ಉಂಟು. 1995ರ ಡಿಸೆಂಬರಿನಲ್ಲಿ ಹಾರಿದ ಐಆರ್‌ಎಸ್-1ಸಿ ಉಪಗ್ರಹದ ಲಿಸ್-3 ಕ್ಯಾಮೆರಾದ ಒಂದು ಚುಕ್ಕೆ ನೆಲದ ಮೇಲೆ 23.5 ಮೀಟರ್ ಚೌಕಕ್ಕೆ ಸಮ. ರೈತರ ಲೆಕ್ಕದಲ್ಲಿ ಹೇಳುವುದಾದರೆ ಒಂದು ಚುಕ್ಕೆ ಸುಮಾರು ಐದೂವರೆ ಗುಂಟೆ. ಒಂದು ಎಕರೆಗೆ ಏಳು ಚುಕ್ಕೆ. ಆ ಐದೂವರೆ ಗುಂಟೆಯಲ್ಲಿ ಬದು, ಬಾವಿ, ಬೇವಿನ ಮರ, ಕಣ ಏನೇ ಇದ್ದರೂ ಎಲ್ಲ ಸೇರಿ ಒಂದೇ ಬಣ್ಣ. 2019ರ ನವೆಂಬರ್ 27ರಂದು ಹಾರಿದ ಕಾರ್ಟೊಸ್ಯಾಟ್-3 ಸುಮಾರು 25 ಸೆಂಟಿಮೀಟರಿನಷ್ಟು ಸಣ್ಣ ವಿವರವನ್ನೂ ಹಿಡಿಯಬಲ್ಲದು. ಚುಕ್ಕೆ ಎಷ್ಟೇ ಕಿರಿದಾದರೂ ಅದರೊಳಗೆ ಕರಗಿ ಹೋಗುವುದು ಏನಾದರೂ ಇದ್ದೇ ಇರುತ್ತದೆ.

ಬಣ್ಣವೂ ಕಣ್ಣಿಗೆ ಕಾಣುವ ಬಣ್ಣವಲ್ಲ. ಹಸಿರೆಲೆ ಮನುಷ್ಯನ ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಹೇರಳವಾಗಿ ಹಿಂದಿರುಗಿಸುತ್ತದೆ. ಬೆಳೆಯನ್ನು ಗುರುತಿಸಲು ಆ ಕಿರಣಕ್ಕೆ ಚಿತ್ರದಲ್ಲಿ ಕೆಂಪು ಬಣ್ಣ ಕೊಡುವುದು ವಾಡಿಕೆ. ಹಾಗಾಗಿ ಸೊಂಪಾಗಿ ಬೆಳೆದ ಭತ್ತ ಕಡುಗೆಂಪಾಗಿ ಕಾಣುತ್ತದೆ. ಅವಕೆಂಪನ್ನು ಹೀರಿಕೊಳ್ಳುವ ನೀರು ಕಪ್ಪಾಗುತ್ತದೆ. ಮಳೆಗಾಲದಲ್ಲಿ ಮೋಡ ಮುಸುಕಿದರೆ ಈ ಕಣ್ಣು ಮುಚ್ಚಿದಂತೆಯೇ. ಆಗ ರೇಡಾರ್ ಅಲೆಗಳನ್ನು ತಾನೇ ಕಳಿಸಿ ನೋಡುವ ಉಪಗ್ರಹಗಳು ಬೇಕು. 2012ರ ಏಪ್ರಿಲ್ 26ರಂದು ಹಾರಿದ ರಿಸ್ಯಾಟ್-1 ಅಂಥದ್ದು.

ಎಂಟು ಸೆಕೆಂಡಿನ ಹಾದಿ

ಹಗಲಿನಲ್ಲಿ ಈ ಉಪಗ್ರಹಗಳು ಉತ್ತರದಿಂದ ದಕ್ಷಿಣಕ್ಕೆ ಸಾಗುತ್ತವೆ. ಅವುಗಳ ನೋಟ ಮೊದಲು ಸಿರುಗುಪ್ಪವನ್ನು, ಆಮೇಲೆ ಕುರುಗೋಡನ್ನು, ಕೊನೆಗೆ ಬಳ್ಳಾರಿಯನ್ನು ದಾಟುತ್ತದೆ. ನಡೆದು ಹೋಗುವವನಿಗೆ ಎರಡು ದಿನ ಹಿಡಿಯುವ ಈ ದೂರಕ್ಕೆ ಉಪಗ್ರಹಕ್ಕೆ ಬೇಕಾದದ್ದು ಎಂಟು ಸೆಕೆಂಡಿನ ಆಸುಪಾಸು.

ಸಿರುಗುಪ್ಪದಲ್ಲಿ ಕಣ್ಣಿಗೆ ಮೊದಲು ಬೀಳುವುದು ತುಂಗಭದ್ರೆ. ಅದರ ಬಲದಂಡೆಯ ಉದ್ದಕ್ಕೂ ಭತ್ತದ ಗದ್ದೆಗಳ ಕೆಂಪು ಹಾಸು. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ ಕಾಲುವೆಗಳು ಎಲ್ಲಿವರೆಗೆ ಹರಿಯುತ್ತವೆ ಎಂಬುದನ್ನು ಬೇರೆ ನಕ್ಷೆಯಲ್ಲಿ ಹುಡುಕಬೇಕಿಲ್ಲ. ಕಾಲುವೆಯ ಒಂದು ಪಕ್ಕ ಕೆಂಪು, ಇನ್ನೊಂದು ಪಕ್ಕ ಮಳೆಗಾಗಿ ಕಾದಿರುವ ಎರೆಹೊಲದ ಕಪ್ಪು. ವಿಜಯನಗರದ ಕಾಲದ ಸಿರುಗುಪ್ಪ ಮತ್ತು ದೇಶನೂರು ಕಾಲುವೆಗಳು ಇದಕ್ಕಿಂತ ಹಳೆಯವು. ಅಣೆಕಟ್ಟಿನ ಕಾಲುವೆ ನೇರವಾಗಿ, ಗುಡ್ಡದ ಮಟ್ಟ ಹಿಡಿದು ಸಾಗಿದರೆ ಹಳೆಯ ಕಾಲುವೆ ನದಿಗೆ ಆತುಕೊಂಡು, ನದಿಯಂತೆಯೇ ಬಳುಕುತ್ತದೆ. ಗದ್ದೆಗಳ ನಡುವೆ ಅಲ್ಲಲ್ಲಿ ಬೆಳ್ಳನೆಯ ಮಚ್ಚೆಗಳು: ನೀರು ಬಸಿದು ಹೋಗದೆ ಉಪ್ಪು ಮೇಲೆದ್ದ ಸವಳು ಭೂಮಿ. ನೀರು ತಂದ ಸಿರಿಯೂ ಅದು ಉಳಿಸಿ ಹೋದ ನೋವೂ ಒಂದೇ ಚಿತ್ರದಲ್ಲಿವೆ. ಬಳ್ಳಾರಿಯ ಪೂರ್ವಕ್ಕೆ ಹರಿದು ಬರುವ ಹಗರಿ, ಅಂದರೆ ವೇದಾವತಿ, ವರ್ಷದ ಬಹುಭಾಗ ಹೊಳೆಯುವ ಮರಳಿನ ಪಟ್ಟಿಯಷ್ಟೇ.

ಅಲ್ಲಿಂದ ದಕ್ಷಿಣಕ್ಕೆ ಬಂದಂತೆ ಬಯಲಿನ ನಡುವೆ ತೆಕ್ಕಲಕೋಟೆಯ ಗುಡ್ಡಗಳು, ಮುಂದೆ ಕುರುಗೋಡಿನ ಗ್ರಾನೈಟ್ ಗುಡ್ಡಗಳು ಏಳುತ್ತವೆ. ತೆಕ್ಕಲಕೋಟೆಯ ಗುಡ್ಡಗಳ ಮೇಲೆ ನವಶಿಲಾಯುಗದ ಜನ ಮನೆ ಕಟ್ಟಿ ಬಾಳಿದ್ದನ್ನು 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾಯರ ಉತ್ಖನನ ತೋರಿಸಿತು. ಕುರುಗೋಡು ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಸಿಂದ ಅರಸರ ರಾಜಧಾನಿ. ಚಿತ್ರದಲ್ಲಿ ಕಾಣುವುದು ಬಂಡೆಯ ಬೂದುಬಣ್ಣ, ಕೋಟೆಯ ಗೋಡೆಯ ಗೆರೆ, ಊರ ಮಾಳಿಗೆಗಳು. ಊರಿನ ಹೆಸರನ್ನು ನಾಡಿಗೆಲ್ಲ ತಿಳಿಸಿದ, ಏಕಶಿಲೆಯಲ್ಲಿ ಕಡೆದ ಸುಮಾರು 12 ಅಡಿ ಎತ್ತರದ ದೊಡ್ಡಬಸವೇಶ್ವರ ಮೂರ್ತಿ ಯಾವ ಉಪಗ್ರಹಕ್ಕೂ ಕಾಣದು. ಅದು ಗುಡಿಯ ಒಳಗಿದೆ.

ಬಳ್ಳಾರಿಯಲ್ಲಿ ಎದ್ದು ಕಾಣುವುದು ಊರ ನಡುವಿನ ಎರಡು ಬಂಡೆಗುಡ್ಡಗಳು: ಕೋಟೆಯಿರುವ ಬಳ್ಳಾರಿ ಗುಡ್ಡ, ಎದುರಿನ ಕುಂಬಾರ ಗುಡ್ಡ. ಪಟ್ಟಣದ ಈಶಾನ್ಯಕ್ಕೆ ಸಂಗನಕಲ್ಲು–ಕುಪ್ಪಗಲ್ಲು ಗುಡ್ಡಗಳ ತಿಳಿಬಣ್ಣದ ಗ್ರಾನೈಟಿನ ನಡುವೆ ಡೋಲರೈಟ್ ಶಿಲೆಯ ಕಪ್ಪು ಗೆರೆ ಹಾದುಹೋಗಿದೆ. ಪಶ್ಚಿಮಕ್ಕೆ ಸಂಡೂರಿನ ಕಡೆಯ ಬೆಟ್ಟಸಾಲಿನಲ್ಲಿ ಕಬ್ಬಿಣದ ಅದಿರಿನ ಗಣಿಗಳು ಕಾಡಿನ ಮೈಮೇಲಿನ ಕೆಂಗಂದು ಗಾಯಗಳಂತೆ ಹರಡಿವೆ. ಹಳೆಯ ಚಿತ್ರಗಳನ್ನೂ ಹೊಸ ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟರೆ ಆ ಗಾಯ ಹಬ್ಬಿದ ಬಗೆ ವರ್ಷವರ್ಷಕ್ಕೂ ತಿಳಿಯುತ್ತದೆ.

ಪುಷ್ಪಕದಿಂದ ಕಂಡ ನೆಲ

ಈ ಸೀಮೆಯನ್ನು ಆಕಾಶದಿಂದ ಕಂಡ ವರ್ಣನೆ ಉಪಗ್ರಹಕ್ಕಿಂತ ಬಹಳ ಹಳೆಯದು. ವಾಲ್ಮೀಕಿ ರಾಮಾಯಣದ ಯುದ್ಧಕಾಂಡದಲ್ಲಿ ಲಂಕೆಯಿಂದ ಮರಳುವ ರಾಮ ಪುಷ್ಪಕ ವಿಮಾನದಿಂದ ಸೀತೆಗೆ ಒಂದೊಂದೇ ಜಾಗವನ್ನು ತೋರಿಸುತ್ತಾನೆ. ಅವುಗಳಲ್ಲಿ ಕಿಷ್ಕಿಂಧೆಯೂ ಋಷ್ಯಮೂಕವೂ ಪಂಪೆಯೂ ಸೇರಿವೆ. ಕುರುಗೋಡಿಗೆ ಪಶ್ಚಿಮದಲ್ಲಿ, ತುಂಗಭದ್ರೆಯ ಎರಡೂ ದಂಡೆಗಳ ಹಂಪಿ–ಆನೆಗೊಂದಿಯೇ ಆ ಕಿಷ್ಕಿಂಧೆ ಎಂಬುದು ಜನರ ನಂಬಿಕೆ. ಇದೇ ಪ್ರಯಾಣವನ್ನು ಕಾಳಿದಾಸ ರಘುವಂಶದ ಹದಿಮೂರನೆಯ ಸರ್ಗದಲ್ಲಿ ಮತ್ತೆ ಬಣ್ಣಿಸಿದ್ದಾನೆ.

ಈ ನೋಟಕ್ಕೆ ಅರ್ಥ ತುಂಬಿರುವುದು ವಿಮಾನದ ಎತ್ತರವಲ್ಲ. ತೋರಿಸುತ್ತಿರುವವನು ಆ ನೆಲದ ಮೇಲೆ ಬರಿಗಾಲಲ್ಲಿ ಅಲೆದವನು. ಸೀತೆಯನ್ನು ಕಳೆದುಕೊಂಡು ಪಂಪೆಯ ದಡದಲ್ಲಿ ಅತ್ತವನು. ಸುಗ್ರೀವನ ಗೆಳೆತನ ಗಳಿಸಿ ಮಳೆಗಾಲವನ್ನು ಗುಡ್ಡದ ಗುಹೆಯಲ್ಲಿ ಕಳೆದವನು. ಮೇಲಿನಿಂದ ಕಾಣುವ ಪ್ರತಿ ಚುಕ್ಕೆಗೂ ಅವನಲ್ಲಿ ಒಂದು ನೆನಪಿದೆ, ಪಕ್ಕದಲ್ಲಿ ಕೇಳುವವಳಿದ್ದಾಳೆ. ನಡೆದವನು ಮೇಲೇರಿದಾಗ ನೋಟ ಕಥೆಯಾಗುತ್ತದೆ. ನಡೆಯದವನು ಮೇಲೇರಿದರೆ ಉಳಿಯುವುದು ಬಣ್ಣ ಮತ್ತು ಆಕಾರ. ಪರಂಪರೆ ಉಪಗ್ರಹದ ನೋಟಕ್ಕೆ ಒದಗಿಸುವ ಮೊದಲ ಅಳತೆಗೋಲು ಇದು.

ಪ್ರತ್ಯಕ್ಷವೋ ಅನುಮಾನವೋ

ಉಪಗ್ರಹ ಚಿತ್ರದಲ್ಲಿ ಕಂಡದ್ದನ್ನು ಜನ ಕಣ್ಣಾರೆ ಕಂಡದ್ದು ಎನ್ನುತ್ತಾರೆ. ಭಾರತೀಯ ಪ್ರಮಾಣಶಾಸ್ತ್ರದ ಕಟ್ಟಳೆಗೆ ಈ ಮಾತು ಸುಲಭವಾಗಿ ನಿಲ್ಲುವುದಿಲ್ಲ. ನ್ಯಾಯದರ್ಶನದ ಪ್ರಕಾರ ಇಂದ್ರಿಯವೂ ವಸ್ತುವೂ ಕೂಡಿದಾಗ ಹುಟ್ಟುವ, ತಪ್ಪಿಲ್ಲದ, ನಿಶ್ಚಿತವಾದ ಅರಿವು ಪ್ರತ್ಯಕ್ಷ. ಚಿತ್ರ ನೋಡುವವನ ಕಣ್ಣು ಕೂಡಿರುವುದು ಪರದೆಯೊಂದಿಗೆ, ಗದ್ದೆಯೊಂದಿಗಲ್ಲ. ಪರದೆಯ ಮೇಲಿನ ಕೆಂಪು ಪ್ರತ್ಯಕ್ಷ, ಗದ್ದೆಯಲ್ಲಿ ಭತ್ತವಿದೆ ಎಂಬುದು ಅನುಮಾನ. ಹೊಗೆಯಿಂದ ಬೆಂಕಿಯನ್ನು ತಿಳಿಯುವಂತೆ ಕೆಂಪಿನಿಂದ ಬೆಳೆಯನ್ನು ತಿಳಿಯಲಾಗುತ್ತದೆ. ಹೊಗೆಯಿದ್ದಲ್ಲಿ ಬೆಂಕಿಯಿರುತ್ತದೆ ಎಂಬ ವ್ಯಾಪ್ತಿ ಮೊದಲೇ ತಿಳಿದಿರಬೇಕಾದ ಹಾಗೆ, ಈ ತಿಂಗಳಲ್ಲಿ ಈ ಕೆಂಪು ಭತ್ತದ್ದೇ ಎಂಬ ನಂಟು ಮೊದಲೇ ಗೊತ್ತಾಗಿರಬೇಕು.

ಆ ನಂಟು ಗೊತ್ತಾಗುವುದು ನೆಲದ ಮೇಲೆ. ಆಯ್ದ ಹೊಲಗಳಿಗೆ ಹೋಗಿ, ಬೆಳೆ ಯಾವುದು, ಎಷ್ಟು ದಿನದ್ದು, ಕೆಳಗಿನ ಮಣ್ಣು ಎಂಥದು ಎಂದು ಬರೆದುಕೊಂಡು ಬಂದ ಮೇಲೆಯೇ ಚಿತ್ರವನ್ನು ಓದಲಾಗುತ್ತದೆ. ದೂರಸಂವೇದಿ ತಜ್ಞರು ಇದನ್ನು ಗ್ರೌಂಡ್ ಟ್ರೂತ್, ಅಂದರೆ ನೆಲದ ಸತ್ಯ ಎಂದು ಕರೆಯುತ್ತಾರೆ. ಕೋಟ್ಯಂತರ ರೂಪಾಯಿಯ ಯಂತ್ರ ಕಂಡದ್ದಕ್ಕೆ ಕೊನೆಯ ಮುದ್ರೆ ಒತ್ತುವುದು ಬದುವಿನ ಮೇಲೆ ನಿಂತವನ ಕಣ್ಣು. ವಿಜ್ಞಾನವೇ ತನ್ನ ಕ್ರಮದೊಳಗೆ ಒಪ್ಪಿಕೊಂಡಿರುವ ಈ ವಿನಯಕ್ಕೆ ತಾತ್ವಿಕ ಬೆಲೆ ದೊಡ್ಡದು.

ನೈಯಾಯಿಕರು ಕಾರ್ಯದಿಂದ ಕಾರಣವನ್ನು ತಿಳಿಯುವುದಕ್ಕೆ ಕೊಡುವ ನಿದರ್ಶನ ಉಕ್ಕಿದ ನದಿಯದು: ಹೊಳೆ ತುಂಬಿ ಬಂದುದನ್ನು ಕಂಡು ಮೇಲ್ಗಡೆ ಮಳೆಯಾಗಿದೆ ಎಂದು ತಿಳಿಯುವುದು. ಸಿರುಗುಪ್ಪದ ದಂಡೆಯ ಜನ ತಲೆಮಾರುಗಳಿಂದ ಮಾಡಿಕೊಂಡು ಬಂದ ಅನುಮಾನ ಇದು. ಕೆಂಪುನೀರು ಬಂದರೆ ಮಲೆನಾಡಿನಲ್ಲಿ ಮಳೆ ಹಿಡಿದಿದೆ. ಉಪಗ್ರಹ ಇಂಥ ಅನುಮಾನದ ಹರವನ್ನು ಹಿಗ್ಗಿಸುತ್ತದೆ, ಅದರ ಜಾತಿಯನ್ನು ಬದಲಿಸುವುದಿಲ್ಲ.

ತಪ್ಪಿನ ಬಗೆಯೂ ಹಳೆಯದೇ. ಚಳಿಗಾಲದ ಬೆಳಗಿನ ಚಿತ್ರದಲ್ಲಿ ಬಿಸಿಲು ಆಗ್ನೇಯದಿಂದ ಬೀಳುವ ಕಾರಣ ನೆರಳು ಚಿತ್ರದ ಮೇಲುಭಾಗಕ್ಕೆ ಚಾಚುತ್ತದೆ. ಮನುಷ್ಯನ ಕಣ್ಣು ಬೆಳಕು ಮೇಲಿನಿಂದ ಬರುತ್ತದೆ ಎಂದೇ ರೂಢಿಸಿಕೊಂಡಿರುವುದರಿಂದ ಗುಡ್ಡ ಗುಂಡಿಯಂತೆ, ಹಳ್ಳ ದಿಣ್ಣೆಯಂತೆ ಕಾಣಬಹುದು. ಬಳ್ಳಾರಿ ಗುಡ್ಡವೇ ದೊಡ್ಡ ತಗ್ಗಿನಂತೆ ತೋರುವ ಈ ಭ್ರಮೆ ಹಗ್ಗದಲ್ಲಿ ಹಾವು ಕಂಡ ದೃಷ್ಟಾಂತದ ಹೊಸ ರೂಪ. ಚಿತ್ರದಲ್ಲಿ ಸುಳ್ಳಿಲ್ಲ; ನೋಡುವವನು ಹೊತ್ತು ತಂದ ಊಹೆಯಲ್ಲಿದೆ.

ಎತ್ತರದ ವಿಷಯದಲ್ಲಿ ಬಳ್ಳಾರಿಯ ಜನ ಒಂದು ಕಥೆ ಹೇಳುತ್ತಾರೆ. ಪಾಳೆಯಗಾರ ಹನುಮಪ್ಪ ನಾಯಕ ಗುಡ್ಡದ ಮೇಲೆ ಕಟ್ಟಿಸಿದ ಕೋಟೆಯನ್ನು ಹದಿನೆಂಟನೆಯ ಶತಮಾನದಲ್ಲಿ ಹೈದರ್ ಅಲಿ ಫ್ರೆಂಚ್ ಎಂಜಿನಿಯರನೊಬ್ಬನ ನೆರವಿನಿಂದ ಬಲಪಡಿಸಿ, ಕೆಳಕೋಟೆಯನ್ನು ಕಟ್ಟಿಸಿದ. ಕೆಲಸ ಮುಗಿದ ಮೇಲೆ ಎದುರಿನ ಕುಂಬಾರ ಗುಡ್ಡವೇ ಎತ್ತರ, ಅಲ್ಲಿಂದ ಕೋಟೆಯ ಗುಟ್ಟೆಲ್ಲ ಕಾಣುತ್ತದೆ ಎಂಬುದು ಹೊರಬಿದ್ದು, ಎಂಜಿನಿಯರನನ್ನು ಗಲ್ಲಿಗೇರಿಸಲಾಯಿತಂತೆ. ಇತಿಹಾಸವಾಗಿ ಇದು ಎಷ್ಟೇ ನಿಲ್ಲಲಿ, ತತ್ತ್ವವಾಗಿ ನಿಲ್ಲುತ್ತದೆ: ಎತ್ತರದಲ್ಲಿ ನಿಂತವನಿಗೆ ತನಗಿಂತ ಎತ್ತರವಿದೆ ಎಂಬುದೇ ಕಾಣದೆ ಹೋಗಬಹುದು. ನೇರ ಕೆಳಕ್ಕೆ ನೋಡುವ ಒಂಟಿ ಉಪಗ್ರಹ ಚಿತ್ರವೂ ಆ ಎಂಜಿನಿಯರನನ್ನು ಉಳಿಸುತ್ತಿರಲಿಲ್ಲ. ಮೇಲಿನಿಂದ ನೋಡಿದರೆ ಎರಡು ಗುಡ್ಡಗಳಲ್ಲಿ ಯಾವುದು ಎತ್ತರ ಎಂದು ತಿಳಿಯದು. ಅದಕ್ಕೆ ಬೇರೆ ಬೇರೆ ಕೋನಗಳ ಎರಡು ಚಿತ್ರ ಬೇಕು; 2005ರ ಮೇ 5ರಂದು ಹಾರಿದ ಕಾರ್ಟೊಸ್ಯಾಟ್-1ಕ್ಕೆ ಮುಂದಕ್ಕೊಂದು, ಹಿಂದಕ್ಕೊಂದು ಬಾಗಿದ ಎರಡು ಕ್ಯಾಮೆರಾ ಇಟ್ಟದ್ದು ಇದೇ ಕಾರಣಕ್ಕೆ. ಕುಂಬಾರ ಗುಡ್ಡವನ್ನು ಆಗ್ನೇಯದಿಂದ ನೋಡಿದರೆ ಮನುಷ್ಯನ ಮುಖದ ಪಕ್ಕನೋಟ ಕಾಣುತ್ತದೆ. ಆಕಾಶದಿಂದ ನೋಡಿದರೆ ಆ ಮುಖವಿಲ್ಲ. ಯಾವ ನಿಲುವಿನಿಂದ ಎಂಬುದನ್ನು ಬಿಟ್ಟು ಆಡಿದ ಮಾತು ಅರೆಮಾತು ಎಂದು ಜೈನರ ಅನೇಕಾಂತವಾದ ಹೇಳುವುದು ಇಲ್ಲಿ ಕಲ್ಲಿನಲ್ಲೇ ಇದೆ.

ಜೈನ ಜ್ಞಾನಮೀಮಾಂಸೆ ಉಪಗ್ರಹದ ನೋಟಕ್ಕೆ ಇನ್ನೂ ಹತ್ತಿರದ ಹೋಲಿಕೆಯನ್ನು ಒದಗಿಸುತ್ತದೆ. ಅದು ಎಣಿಸುವ ಮತಿ, ಶ್ರುತ, ಅವಧಿ, ಮನಃಪರ್ಯಯ, ಕೇವಲ ಎಂಬ ಐದು ಜ್ಞಾನಗಳಲ್ಲಿ ಮೂರನೆಯ ಅವಧಿಜ್ಞಾನ ಇಂದ್ರಿಯಗಳ ನೆರವಿಲ್ಲದೆ ದೂರದ ವಸ್ತುವನ್ನು ಕಾಣುತ್ತದೆ. ಅದು ಕಾಣುವುದು ರೂಪವುಳ್ಳ ಪದಾರ್ಥಗಳನ್ನಷ್ಟೇ, ಅದೂ ಗೊತ್ತಾದ ಸ್ಥಳ–ಕಾಲಗಳ ಎಲ್ಲೆಯೊಳಗೆ. ಅವಧಿ ಎಂದರೇ ಎಲ್ಲೆ. ಅದರಾಚೆಯದು ಕೇವಲಜ್ಞಾನ. ಉಪಗ್ರಹದ ನೋಟವನ್ನು ಸರ್ವಜ್ಞತೆ ಎಂದು ಭ್ರಮಿಸುವವರಿಗೆ ಈ ವಿಂಗಡಣೆ ಒಳ್ಳೆಯ ಎಚ್ಚರಿಕೆ. ಚುಕ್ಕೆಯ ಗಾತ್ರ, ಹಾದುಹೋಗುವ ಹೊತ್ತು, ಬೆಳಕಿನ ಪಟ್ಟಿ ಇವು ಅದರ ಅವಧಿಗಳು.

ದರ್ಶನದ ಪ್ರಶ್ನೆ

ಗುಡಿಯ ದರ್ಶನ ಎರಡು ಕಡೆಯಿಂದ ನಡೆಯುವ ನೋಟ. ಭಕ್ತ ದೇವರನ್ನು ನೋಡುತ್ತಾನೆ, ದೇವರು ಭಕ್ತನನ್ನು ನೋಡುತ್ತಾನೆ. ಮೂರ್ತಿ ಪ್ರತಿಷ್ಠೆಯ ಹೊತ್ತಿನಲ್ಲಿ ಕಣ್ಣು ತೆರೆಯಿಸುವ ನೇತ್ರೋನ್ಮೀಲನ ವಿಧಿಯ ಹಿಂದಿರುವುದು ಈ ಭಾವವೇ. ದೊಡ್ಡಬಸವೇಶ್ವರನ ಮುಂದೆ ನಿಂತವನು ತಲೆಯೆತ್ತಿ ನೋಡಬೇಕು. ಉಪಗ್ರಹ ಚಿತ್ರದಲ್ಲಿ ಅದೇ ಗುಡಿಯನ್ನು ನೋಡುವವನು ತಲೆತಗ್ಗಿಸಿ ದೇವರ ಮಾಳಿಗೆಯನ್ನು ನೋಡುತ್ತಾನೆ. ತಲೆಯೆತ್ತುವ ನೋಟದಲ್ಲಿ ನೋಡುವವನು ಚಿಕ್ಕವನಾಗುತ್ತಾನೆ; ತಗ್ಗಿಸುವ ನೋಟದಲ್ಲಿ ನೋಡಲ್ಪಟ್ಟದ್ದು ಚಿಕ್ಕದಾಗುತ್ತದೆ. ಆ ಚಿತ್ರದಲ್ಲಿ ಪ್ರದಕ್ಷಿಣೆಯಿಲ್ಲ, ಗಂಟೆಯಿಲ್ಲ, ಮರಳಿ ನೋಡುವ ಕಣ್ಣಿಲ್ಲ. ದರ್ಶನ ಎಂಬ ಮಾತಿನ ಪೂರ್ಣಾರ್ಥದಲ್ಲಿ ಅದು ದರ್ಶನವಲ್ಲ.

ಹಾಗೆಂದು ಅದು ಬರಿದೂ ಅಲ್ಲ. ಭಕ್ತಿಯ ಒಂಬತ್ತು ಬಗೆಗಳಲ್ಲಿ ಸ್ಮರಣೆಯೂ ಒಂದು. ಕುರುಗೋಡು ಬಿಟ್ಟು ದೂರ ದೇಶದಲ್ಲಿ ನೆಲೆಸಿದವರು ಮೊಬೈಲಿನಲ್ಲಿ ಗುಡಿಯ ಅಂಗಳವನ್ನು, ತೇರು ಎಳೆಯುವ ಬೀದಿಯನ್ನು ಬೆರಳಿನಿಂದ ಸವರಿದಾಗ ಆಗುವುದು ಸ್ಮರಣೆ. ಆ ಬೀದಿಯಲ್ಲಿ ಒಮ್ಮೆ ಮಿಣಿ ಹಿಡಿದು ತೇರೆಳೆದವನಿಗೆ ಆ ಬೂದುಗೆರೆ ಕಣ್ಣು ತುಂಬಿಸುತ್ತದೆ. ಎಳೆಯದವನಿಗೆ ಅದು ಗೆರೆ ಮಾತ್ರ. ಪುಷ್ಪಕದ ಪ್ರಸಂಗ ಹೇಳಿದ್ದೇ ಇಲ್ಲಿಯೂ ಸಲ್ಲುತ್ತದೆ.

ವೀರಶೈವ–ಲಿಂಗಾಯತ ಪರಂಪರೆ ಆಳವಾಗಿ ಬೇರೂರಿರುವ ಈ ಸೀಮೆಯಲ್ಲಿ ಅಂಗೈಯೊಳಗಿನ ನೋಟಕ್ಕೆ ಬೇರೊಂದು ಹಿನ್ನೆಲೆಯೂ ಇದೆ. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ರೆಪ್ಪೆ ಮಿಟುಕಿಸದೆ ನೋಡುವ ಶಿವಯೋಗದಲ್ಲಿ ಅಳತೆಗೆ ಸಿಗದ ದೊಡ್ಡದು ಕರಸ್ಥಲಕ್ಕೆ ಬಂದು ನಿಲ್ಲುತ್ತದೆ. ಮೊಬೈಲಿನಲ್ಲಿಯೂ ಭೂಮಂಡಲವೇ ಅಂಗೈಗೆ ಬಂದಿದೆ. ಹೊರಗಿನ ಹೋಲಿಕೆ ಇಷ್ಟಕ್ಕೇ ಮುಗಿಯುತ್ತದೆ. ಇಷ್ಟಲಿಂಗ ಚದುರಿದ ನೋಟವನ್ನು ಒಂದೆಡೆ ಕೂಡಿಸಿ ಒಳಕ್ಕೆ ತಿರುಗಿಸುತ್ತದೆ. ಪರದೆಯ ಮೇಲಿನ ಭೂಮಿ ನೋಟವನ್ನು ಊರಿಂದೂರಿಗೆ, ಖಂಡದಿಂದ ಖಂಡಕ್ಕೆ ಹಾರಿಸುತ್ತದೆ. ಹಾರುವ ನೋಟವನ್ನು ನಿಲ್ಲಿಸುವ ಕೆಲಸ ನೋಡುವವನದೇ.

ಶರಣರು ಸ್ಥಾವರ ಮತ್ತು ಜಂಗಮ ಎಂದು ಮಾಡಿದ ಭೇದವೂ ಇಲ್ಲಿ ಬೆಳಕು ಕೊಡುತ್ತದೆ. ಬೆಳಗಿನ ಹತ್ತೂವರೆಯ ಕ್ಷಣವೊಂದರಲ್ಲಿ ನಿಂತದ್ದನ್ನು ಉಪಗ್ರಹ ಹಿಡಿಯು­ತ್ತದೆ: ಗೋಡೆ, ಮಾಳಿಗೆ, ಬಂಡೆ. ನಡೆಯುವುದು, ನುಡಿಯುವುದು, ಉಣ್ಣಿಸುವುದು ಅದರ ಹಿಡಿತಕ್ಕೆ ಹೊರಗು. ಕುಪ್ಪಗಲ್ಲಿನ ಹಿರೇಗುಡ್ಡದ ಡೋಲರೈಟ್ ಬಂಡೆಗಳ ಮೇಲೆ ನವಶಿಲಾಯುಗದ ಜನ ಕುಟ್ಟಿ ಬರೆದ ಗೂಳಿಗಳ ಚಿತ್ರಗಳಿವೆ. ಅಲ್ಲಿನ ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಹೊಮ್ಮುತ್ತದೆ. ಚಿತ್ರದಲ್ಲಿ ಕಾಣುವ ಕಪ್ಪು ಗೆರೆ ಆ ನಾದದ ಗೂಡು. ಗೆರೆ ಕಂಡವನಿಗೆ ನಾದ ಸಿಕ್ಕಿಲ್ಲ. ಅದಕ್ಕೆ ಗುಡ್ಡ ಹತ್ತಬೇಕು, ಕಲ್ಲನ್ನು ಮುಟ್ಟಬೇಕು. ಬಳ್ಳಾರಿ–ಹೊಸಪೇಟೆ ದಾರಿಯ ಕುಡತಿನಿಯ ಬೂದಿದಿಬ್ಬವೂ ಹೀಗೆಯೇ. ಚಿತ್ರದಲ್ಲಿ ಅದೊಂದು ಮಸುಕು ಮಚ್ಚೆ. ಹಂಪಿಯ ಬಳಿಯ ನಿಂಬಾಪುರದ ಇಂಥದೇ ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಬೂದಿ ಎನ್ನುತ್ತಾರೆ. ಪುರಾತತ್ತ್ವಜ್ಞರು ಅಗೆದು, ದನಗಾಹಿಗಳು ಕೂಡಿಹಾಕಿ ಸುಟ್ಟ ಸಗಣಿಯ ಬೂದಿ ಎಂದರು. ಬೂದಿಯ ಹಿಂದೆ ದನವೋ ವಾಲಿಯೋ ಎಂಬ ವಿಚಾರಕ್ಕೆ ಮಚ್ಚೆಯಲ್ಲಿ ಉತ್ತರವಿಲ್ಲ. ಒಂದು ಉತ್ತರ ಅಗೆತದಿಂದ, ಇನ್ನೊಂದು ನೆನಪಿನಿಂದ ಬಂದದ್ದು. ಎರಡೂ ನೆಲಕ್ಕೆ ಸೇರಿದವು.

ಕಂಡವನ ಹೊಣೆ

ಮಹಾಭಾರತದಲ್ಲಿ ದೂರದಿಂದ ಎಲ್ಲವನ್ನೂ ಕಂಡವನು ಸಂಜಯ. ವ್ಯಾಸರು ಕೊಟ್ಟ ದಿವ್ಯದೃಷ್ಟಿಯಿಂದ ಅವನು ಕುರುಕ್ಷೇತ್ರವನ್ನು ಕಂಡು ಧೃತರಾಷ್ಟ್ರನಿಗೆ ಹೇಳಿದ. ದುರ್ಯೋಧನ ಮಡಿದ ಮೇಲೆ ಆ ದೃಷ್ಟಿ ಅವನಿಂದ ಹೋಯಿತು. ಸಂಜಯ ಕಂಡದ್ದರಲ್ಲಿ ಕೊರತೆಯಿರಲಿಲ್ಲ, ಕೊರತೆಯಿದ್ದದ್ದು ಕೇಳಿದವನಲ್ಲಿ. ಎಲ್ಲ ತಿಳಿದೂ ಮಗನನ್ನು ತಡೆಯದ ಅರಸನಿಗೆ ದಿವ್ಯದೃಷ್ಟಿಯ ವರದಿ ಕೇವಲ ಶೋಕವಾಯಿತು. ಉಪಗ್ರಹದ ಯುಗದಲ್ಲಿ ಪ್ರತಿ ನೋಡುಗನ ಮುಂದೆಯೂ ಇದೇ ಆಯ್ಕೆಯಿದೆ.

ಬಳ್ಳಾರಿಯಲ್ಲಿ ಈ ಆಯ್ಕೆ ಕಥೆಯ ಮಾತಾಗಿ ಉಳಿಯಲಿಲ್ಲ. ಅಕ್ರಮ ಗಣಿಗಾರಿಕೆ ಬೆಟ್ಟಗಳನ್ನು ತಿಂದ ವರ್ಷಗಳಲ್ಲಿ ಗಣಿ ಪ್ರದೇಶದ ಸುಗ್ಗಲಮ್ಮ ದೇವಿಯ ಗುಡಿಯೂ 2006ರಲ್ಲಿ ನೆಲಸಮವಾಯಿತು. 2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರು ಸರ್ಕಾರಕ್ಕೆ ವರದಿ ಕೊಟ್ಟರು. ಎರಡು ದಿನಗಳ ಬಳಿಕ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿತು. ಕೋರ್ಟಿನ ಕೇಂದ್ರ ಉನ್ನತಾಧಿಕಾರ ಸಮಿತಿಯ ಕಣ್ಗಾವಲಿನಲ್ಲಿ ನಡೆದ ಪರಿಶೀಲನೆಯಲ್ಲಿ ಉಪಗ್ರಹ ಚಿತ್ರವೂ ನೆಲದ ಮೇಲಿನ ಅಳತೆಯೂ ಜೊತೆಯಾದವು. ಗಡಿ ಮೀರಿದ ಪ್ರಮಾಣಕ್ಕೆ ತಕ್ಕಂತೆ ಗಣಿ ಗುತ್ತಿಗೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಲಾಯಿತು. ಹೆಚ್ಚು ಮೀರಿದ್ದ ಸಿ ವರ್ಗದ ಗುತ್ತಿಗೆಗಳನ್ನು 2013ರ ಏಪ್ರಿಲ್ 18ರ ತೀರ್ಪು ರದ್ದುಪಡಿಸಿತು. ನೋಟ ಇಲ್ಲಿ ಧರ್ಮದ ಕೆಲಸ ಮಾಡಿತು. ಅದನ್ನು ನ್ಯಾಯದ ಬಾಗಿಲಿಗೆ ಒಯ್ದವರು ನೆಲದ ಮೇಲಿನ ಮನುಷ್ಯರು.

ಕೋರ್ಟಿನಲ್ಲಿ ಇಂಥ ಚಿತ್ರವನ್ನು ಸಾಕ್ಷಿ ಎನ್ನುತ್ತಾರೆ. ಈ ಶಬ್ದಕ್ಕೆ ಈ ಸೀಮೆಯಲ್ಲಿ ಇನ್ನೊಂದು ಆಳವೂ ಇದೆ. ಸಿರುಗುಪ್ಪದ ಬಳಿ ತುಂಗಭದ್ರೆಯ ದಂಡೆಯ ಕೆಂಚನಗುಡ್ಡದಲ್ಲಿ ರಾಘವೇಂದ್ರ ಮಠದ ಪರಂಪರೆಯ ವಸುಧೇಂದ್ರ ತೀರ್ಥರ ಬೃಂದಾವನವಿದೆ. ಆ ಪರಂಪರೆಯ ದ್ವೈತ ವೇದಾಂತದಲ್ಲಿ ಸಾಕ್ಷಿ ಎಂದರೆ ಜೀವದ ಸ್ವಂತ ಅರಿವಿನ ಇಂದ್ರಿಯ. ಸುಖದುಃಖಗಳನ್ನು, ದೇಶಕಾಲಗಳನ್ನು ಅದು ನೇರವಾಗಿ ಅರಿಯುತ್ತದೆ. ಉಳಿದ ಪ್ರಮಾಣಗಳು ತಂದ ಅರಿವು ನಿಜವೆಂದು ಕೊನೆಗೆ ಒಪ್ಪಿಕೊಳ್ಳುವುದೂ ಅದೇ. ಯಂತ್ರ ಎಷ್ಟು ತಂದರೂ ಒಪ್ಪುವ, ತಳ್ಳುವ, ನಾಚುವ, ಮರುಗುವ ಸಾಕ್ಷಿ ಒಳಗೇ ಇರಬೇಕು. ಬೆಟ್ಟದ ಗಾಯವನ್ನು ಚಿತ್ರ ತೋರಿಸಬಲ್ಲದು. ಅದು ಗಾಯ ಎಂದು ಅರಿಯುವುದು ಈ ಸಾಕ್ಷಿ.

ಮೇಲಿನ ನೋಟ ಯಾರ ಕೈಯಲ್ಲಿದೆ ಎಂಬುದೂ ಧರ್ಮದ ಪ್ರಶ್ನೆಯೇ. ನಿಜಾಮ 1800ರಲ್ಲಿ ಬಳ್ಳಾರಿಯೂ ಸೇರಿದ ದತ್ತ ಜಿಲ್ಲೆಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಥಾಮಸ್ ಮನ್ರೋ ಹೊಲಹೊಲವನ್ನೂ ಅಳೆಸಿದ್ದು ಕಂದಾಯಕ್ಕಾಗಿ. 1802ರಲ್ಲಿ ಮದ್ರಾಸಿನಿಂದ ವಿಲಿಯಂ ಲ್ಯಾಂಬ್ಟನ್ ಆರಂಭಿಸಿದ ತ್ರಿಕೋನ ಮಾಪನ 1811ರಲ್ಲಿ ಬಳ್ಳಾರಿಗೆ ಪೂರ್ವದ ಗುತ್ತಿಯ ಬಳಿ ಆಧಾರರೇಖೆಯನ್ನು ಅಳೆಯಿತು. ಅಳೆದವರು ಮೇಲೆ, ಅಳೆಸಿಕೊಂಡವರು ಕೆಳಗೆ. ಅದೇ ಕಾಲದ ಕಾಲಿನ್ ಮೆಕೆಂಝಿ ಮಾತ್ರ ನಕ್ಷೆಯ ಜೊತೆಗೆ ಕಾವಲಿ ವೆಂಕಟ ಬೊರಯ್ಯ, ಲಕ್ಷ್ಮಯ್ಯ ಸೋದರರ ನೆರವಿನಿಂದ ಹಳ್ಳಿಹಳ್ಳಿಯ ಕೈಫಿಯತ್ತುಗಳನ್ನೂ ಶಾಸನಗಳನ್ನೂ ಕಲೆಹಾಕಿಸಿದ. ನಕ್ಷೆ ನೆಲದ ಆಕಾರವನ್ನು ಹೇಳಿತು, ಕೈಫಿಯತ್ತು ಆ ನೆಲದವರ ಮಾತನ್ನು ಉಳಿಸಿತು. ಇಂದು ದಿಶಾಂಕ್ ಆ್ಯಪ್ ತೆರೆದ ರೈತನಿಗೆ ತಾನು ನಿಂತ ಸರ್ವೆ ನಂಬರು ತಾನೇ ತಿಳಿಯುತ್ತದೆ. ಅಳೆಯುವ ಕಣ್ಣು ಅಳೆಸಿಕೊಳ್ಳುತ್ತಿದ್ದವನ ಕೈಗೂ ಬಂದದ್ದು ಸಣ್ಣ ಬದಲಾವಣೆಯಲ್ಲ.

ಕ್ಷೇತ್ರ, ಕ್ಷೇತ್ರಫಲ, ಕ್ಷೇತ್ರಜ್ಞ

ಕನ್ನಡದಲ್ಲಿ ಕ್ಷೇತ್ರ ಎಂದರೆ ಹೊಲ. ಕ್ಷೇತ್ರ ಎಂದರೆ ತೀರ್ಥಸ್ಥಳವೂ ಹೌದು. ಭಗವದ್ಗೀತೆಯ ಹದಿಮೂರನೆಯ ಅಧ್ಯಾಯ ಶರೀರವನ್ನು ಕ್ಷೇತ್ರವೆಂದೂ ಅದನ್ನು ಅರಿಯುವವನನ್ನು ಕ್ಷೇತ್ರಜ್ಞನೆಂದೂ ಕರೆಯುತ್ತದೆ. ಶಾಲೆಯ ಗಣಿತದಲ್ಲಿ ಉದ್ದ ಅಗಲಗಳ ಗುಣಲಬ್ಧ ಕ್ಷೇತ್ರಫಲ. ಉಪಗ್ರಹ ಕೊಡುವುದು ಈ ಕೊನೆಯದನ್ನು, ಅದೂ ಹಿಂದೆಂದೂ ಇಲ್ಲದ ನಿಖರತೆಯಿಂದ: ಸಿರುಗುಪ್ಪದಲ್ಲಿ ಎಷ್ಟು ಎಕರೆ ಭತ್ತ, ಎಷ್ಟು ಸವಳು, ಬೆಟ್ಟಸಾಲಿನಲ್ಲಿ ಎಷ್ಟು ಕಾಡು ಹೋಯಿತು, ಎಷ್ಟು ಉಳಿಯಿತು. ಈ ಲೆಕ್ಕವನ್ನು ಕೀಳಾಗಿ ಕಾಣುವುದು ತಪ್ಪು. ಬೆಟ್ಟಕ್ಕೆ ನ್ಯಾಯ ಸಿಕ್ಕಿದ್ದರಲ್ಲಿ ಅದರ ಪಾಲಿದೆ.

ಕ್ಷೇತ್ರಫಲ ತಿಳಿದವನೆಲ್ಲ ಕ್ಷೇತ್ರಜ್ಞನಾಗುವುದಿಲ್ಲ. ಮೇಲಿನಿಂದ ಕಂಡದ್ದು ಅನುಮಾನ. ಅದು ನೆಲದ ಸತ್ಯದೊಂದಿಗೆ ತಾಳೆಯಾಗಬೇಕು. ಅದು ಸ್ಮರಣೆ, ದರ್ಶನವಾಗಬೇಕಾದರೆ ಗುಡಿಯ ಹೊಸ್ತಿಲವರೆಗೆ ನಡೆಯಬೇಕು. ಅದು ಸಾಕ್ಷ್ಯ, ಒಳಗಿನ ಸಾಕ್ಷಿ ಎಚ್ಚೆತ್ತು ಕೆಲಸಕ್ಕೆ ಇಳಿದಾಗಲಷ್ಟೇ ಧರ್ಮಕ್ಕೆ ಒದಗುತ್ತದೆ. ಮೂರು ಪ್ರಶ್ನೆಗಳ ಉತ್ತರವೂ ಹೀಗೆ ಒಂದೇ ದಿಕ್ಕಿಗೆ, ಕೆಳಕ್ಕೆ, ಕೈ ತೋರಿಸುತ್ತದೆ. ಸಿರುಗುಪ್ಪದಿಂದ ಬಳ್ಳಾರಿಗೆ ಎಂಟು ಸೆಕೆಂಡಿನಲ್ಲಿ ಹಾದ ನೋಟಕ್ಕೆ ಬೆಲೆ ಬರುವುದು, ಅದೇ ದಾರಿಯನ್ನು ಎರಡು ದಿನ ನಡೆದು ಅರಿತವರು ಅದನ್ನು ತಮ್ಮದಾಗಿಸಿಕೊಂಡಾಗ.